ಕುಪ್ಪೇಲೂರಿನಿಂದ ಅಮೆರಿಕಕ್ಕೆ ಎಷ್ಟು ದೂರ?

ದೂರ ಎಂಬುದು ನಾವು ದಿನವೂ ಸಲೀಸಾಗಿ ಆಡುವ ಮಾತು. ಆದರೆ ನಮ್ಮ ಹಳ್ಳಿಗಳ ಕಡೆ ಆ ಪ್ರಶ್ನೆಗೆ ದೊರೆಯುವ ಉತ್ತರವನ್ನು ಗಮನಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ನಿಂತು, "ಬ್ಯಾಡಗಿ ಎಷ್ಟು ದೂರ?" ಎಂದು ಕೇಳಿದವನಿಗೆ ಕಿಲೋಮೀಟರುಗಳ ಲೆಕ್ಕ ಸಿಕ್ಕುವುದು ಅಪರೂಪ, ಬಸ್ಸು ಸಿಕ್ಕಿದರೆ ಇಷ್ಟು ಹೊತ್ತು, ಮೋಟಾರು ಸೈಕಲ್ಲಾದರೆ ಇಷ್ಟು ಹೊತ್ತು ಎಂಬ ಉತ್ತರವೇ ಸಿಕ್ಕುವುದು ಹೆಚ್ಚು. ಉದ್ದವನ್ನು ಕೇಳಿದವನಿಗೆ ಹೊತ್ತನ್ನು ಹೇಳುವುದು ಗಣಿತದ ದೃಷ್ಟಿಯಿಂದ ಸರಿಯಲ್ಲವೆಂದು ತೋರಬಹುದು. ಆದರೆ ಪ್ರಯಾಣ ಮಾಡುವವನಿಗೆ ಕೊನೆಗೂ ಬೇಕಾದದ್ದು ಹೊತ್ತೇ ಅಲ್ಲವೆ?

ಈ ಪ್ರಶ್ನೆಯನ್ನೇ ಸ್ವಲ್ಪ ದೊಡ್ಡದು ಮಾಡೋಣ. ಕನ್ನಡನಾಡಿನ ಸಣ್ಣ ಊರುಗಳಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಂದಿ ಇಂದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಉದ್ಯೋಗದಲ್ಲಿದ್ದಾರೆ. ಊರಿನಲ್ಲಿ ತಂದೆಗೋ ತಾಯಿಗೋ ಮೈಸ್ಥಿತಿ ಬಿಗಡಾಯಿಸಿದರೆ ಸುದ್ದಿಯು ದೂರವಾಣಿಯ ಮೂಲಕ ಒಂದು ನಿಮಿಷದೊಳಗೆ ಅಲ್ಲಿಗೆ ಮುಟ್ಟುತ್ತದೆ. ಆಗ ಮನೆಯವರೆಲ್ಲರ ಬಾಯಲ್ಲಿ ಬರುವ ಮಾತು ಒಂದೇ: "ಮಗ ಎಷ್ಟು ಹೊತ್ತಿಗೆ ಬಂದು ಮುಟ್ಟಿಯಾನು?" ಈ ಪ್ರಶ್ನೆಗೆ ದೂರವನ್ನು ವೇಗದಿಂದ ಭಾಗಿಸಿದರೆ ಉತ್ತರ ದೊರೆಯುವುದೆಂದು ಶಾಲೆಯ ಪಾಠ ಹೇಳುತ್ತದೆ. ಪಾಠವೇನೋ ನಿಜ. ಆದರೆ ಯಾವ ದೂರ? ಯಾವ ವೇಗ? ಎರಡು ಊರುಗಳ ನಡುವೆ ಕಾಗದದ ಮೇಲೆ ಒಂದು ದೂರವಿದೆ, ಗೋಳದ ಮೇಲೆ ಇನ್ನೊಂದಿದೆ, ಗಾಳಿಯಲ್ಲಿ ಮತ್ತೊಂದಿದೆ. ಈ ಮೂರನ್ನೂ ಬೇರೆಬೇರೆಯಾಗಿ ಅರಿತುಕೊಂಡ ಹೊರತು ಪ್ರಯಾಣದ ಕಾಲ ನಮ್ಮ ಕೈಗೆ ಸಿಕ್ಕುವುದಿಲ್ಲ.

ಕಾಗದದ ದೂರ ಮತ್ತು ಗೋಳದ ದೂರ

ಶಾಲೆಯ ಗೋಡೆಯಲ್ಲಿ ತೂಗುಹಾಕಿರುವ ಪ್ರಪಂಚದ ಭೂಪಟವನ್ನು ನೋಡಿರಿ. ಅದರಲ್ಲಿ ಕರ್ನಾಟಕ ಒಂದು ಕಡೆ, ಅಮೆರಿಕ ಇನ್ನೊಂದು ಕಡೆ. ನಡುವೆ ಅಳತೆಪಟ್ಟಿಯನ್ನಿಟ್ಟು ಗೆರೆ ಎಳೆದರೆ ಅದೇ ನೇರವಾದ ಹಾದಿಯೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಭೂಮಿ ಉರುಟು, ಕಾಗದ ಚಪ್ಪಟೆ. ಕಿತ್ತಳೆಹಣ್ಣಿನ ಸಿಪ್ಪೆಯನ್ನು ಎಲ್ಲಿಯೂ ಹರಿಯದಂತೆ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಲಾಗದು. ಹಾಸಬೇಕಾದರೆ ಕೆಲವೆಡೆ ಎಳೆಯಬೇಕು, ಕೆಲವೆಡೆ ಹರಿಯಬೇಕು. ಭೂಪಟ ರಚಿಸುವವರ ಪಾಡೂ ಇದೇ. 1569 ರಲ್ಲಿ ಮರ್ಕೇಟರ್ ಎಂಬಾತನು ರಚಿಸಿದ ಪ್ರಖ್ಯಾತ ಭೂಪಟದಲ್ಲಿ, ಎಲ್ಲಿ ಗೆರೆ ಎಳೆದರೂ ಅದು ದಿಕ್ಸೂಚಿಯ ಒಂದೇ ದಿಕ್ಕನ್ನು ತೋರಿಸುವಂಥ ಏರ್ಪಾಡು ಇದೆ. ನಾವಿಕರಿಗೆ ಇದು ದೊಡ್ಡ ಉಪಕಾರವಾಯಿತು. ಆದರೆ ಈ ಅನುಕೂಲಕ್ಕಾಗಿ ಧ್ರುವಗಳ ಕಡೆಯ ಪ್ರದೇಶವನ್ನೆಲ್ಲ ವಿಪರೀತ ಹಿಗ್ಗಿಸಬೇಕಾಯಿತು. ಆ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ದ್ವೀಪವು ಆಫ್ರಿಕ ಖಂಡದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವವಾಗಿ ಆಫ್ರಿಕವು ಅದರ ಹದಿನಾಲ್ಕು ಪಟ್ಟು ವಿಸ್ತಾರವಾದದ್ದು. ಹೀಗೆ ಹಿಗ್ಗಿಸಿದ ಕಾಗದದ ಮೇಲೆ ಅಳೆದ ದೂರವನ್ನು ನಂಬುವುದು ಹೇಗೆ?

ಆದಕಾರಣ ಕಾಗದವನ್ನು ಬಿಟ್ಟು ಗೋಳವನ್ನು ಕೈಗೆತ್ತಿಕೊಳ್ಳೋಣ. ಗೋಳವಿಲ್ಲದಿದ್ದರೆ ಒಂದು ಚೆಂಡಾದರೂ ಸಾಕು. ಮೆಣಸಿನ ಸಸಿ ನೆಡುವಾಗ ಸಾಲು ನೆಟ್ಟಗಿರಲೆಂದು ರೈತನು ಹೊಲದ ಆಚೆಗೂ ಈಚೆಗೂ ಹಗ್ಗವನ್ನು ಬಿಗಿಯಾಗಿ ಹಿಡಿಸುತ್ತಾನಷ್ಟೆ. ಅದೇ ರೀತಿ ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಒಂದು ಹತ್ತಿಯ ದಾರವನ್ನು ಬಿಗಿದು ಹಿಡಿದರೆ, ದಾರವು ತಾನಾಗಿಯೇ ಅತ್ಯಂತ ಹತ್ತಿರದ ಹಾದಿಗೆ ಸರಿದುಕೊಳ್ಳುತ್ತದೆ. ನಿಂಬೆಹಣ್ಣನ್ನು ಸರಿಯಾಗಿ ನಡುವೆ ಕೊಯ್ದಾಗ ಅಂಚಿನಲ್ಲಿ ಕಾಣುವ ವೃತ್ತವು ಆ ಹಣ್ಣಿನ ಮೇಲೆ ಎಳೆಯಬಹುದಾದ ಅತಿ ದೊಡ್ಡ ವೃತ್ತ. ಅದರ ಕೇಂದ್ರ ಹಣ್ಣಿನ ಕೇಂದ್ರವೇ ಆಗಿರುತ್ತದೆ. ಗಣಿತಜ್ಞರು ಇಂಥದನ್ನು ಮಹಾವೃತ್ತವೆಂದು ಕರೆಯುತ್ತಾರೆ. ಗೋಳದ ಮೇಲೆ ಎರಡು ಊರುಗಳ ನಡುವಣ ಅತ್ಯಂತ ಹತ್ತಿರದ ಹಾದಿಯು ಯಾವಾಗಲೂ ಮಹಾವೃತ್ತವೊಂದರ ತುಂಡೇ.

ಕುಪ್ಪೇಲೂರಿನ ಆಸುಪಾಸು ಸುಮಾರು 14½ ಅಂಶ ಉತ್ತರ ಅಕ್ಷಾಂಶದಲ್ಲಿ, 75½ ಅಂಶ ಪೂರ್ವ ರೇಖಾಂಶದಲ್ಲಿದೆ. ಭೂಗೋಳದ ಸರಿಯಾಗಿ ಎದುರು ಬದಿಯ ರೇಖಾಂಶ ಯಾವುದು? 180 ರಲ್ಲಿ 75½ ಕಳೆದರೆ 104½; ಅಂದರೆ 104½ ಅಂಶ ಪಶ್ಚಿಮ ರೇಖಾಂಶ. ಅಮೆರಿಕದ ಕೊಲರಾಡೊ ಪ್ರಾಂತದ ರಾಜಧಾನಿಯಾದ ಡೆನ್ವರ್ ನಗರದ ವಿಮಾನನಿಲ್ದಾಣವು ಹೆಚ್ಚು ಕಡಿಮೆ ಇದೇ ರೇಖೆಯ ಮೇಲೆ, ಉತ್ತರಕ್ಕೆ ಸುಮಾರು 39.8 ಅಂಶಗಳಲ್ಲಿದೆ. ಹೀಗಿರುವಲ್ಲಿ ಕುಪ್ಪೇಲೂರಿನಿಂದ ಡೆನ್ವರಿಗೆ ಹತ್ತಿರದ ದಾರಿ ಯಾವುದು? ಪೂರ್ವವೂ ಅಲ್ಲ, ಪಶ್ಚಿಮವೂ ಅಲ್ಲ. ಧ್ರುವನಕ್ಷತ್ರಕ್ಕೆ ಮುಖಮಾಡಿ ನೆಟ್ಟಗೆ ಹೊರಟು, ಉತ್ತರಧ್ರುವವನ್ನು ದಾಟಿ, ತಿರುಗದೆ ಮುಂದುವರಿದರೆ ಡೆನ್ವರ್ ಸಿಕ್ಕುತ್ತದೆ.

ಇದರ ಲೆಕ್ಕಕ್ಕೆ ತ್ರಿಕೋನಮಿತಿಯೂ ಬೇಡ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ವಿದ್ವಾಂಸರು ಧ್ರುವದಿಂದ ಸಮಭಾಜಕವೃತ್ತದವರೆಗಿನ ದೂರದ ಕೋಟಿಯಲ್ಲೊಂದು ಭಾಗವನ್ನೇ ಮೀಟರೆಂದು ಗೊತ್ತುಮಾಡಿದರು. ಅಂದಮೇಲೆ 90 ಅಂಶಗಳಿಗೆ 10,000 ಕಿಲೋಮೀಟರು, ಒಂದು ಅಂಶಕ್ಕೆ ಸುಮಾರು 111 ಕಿಲೋಮೀಟರು. ಕುಪ್ಪೇಲೂರಿನಿಂದ ಧ್ರುವಕ್ಕೆ 75½ ಅಂಶ, ಧ್ರುವದಿಂದ ಡೆನ್ವರಿಗೆ 50.2 ಅಂಶ; ಒಟ್ಟು 125.7 ಅಂಶ. ಇದನ್ನು 111 ರಿಂದ ಗುಣಿಸಿದರೆ 14,000 ಕಿಲೋಮೀಟರಿಗೆ ತುಸು ಕಡಿಮೆ ಬರುತ್ತದೆ. ಮರ್ಕೇಟರನ ಭೂಪಟದಲ್ಲಿ ಅಳತೆಪಟ್ಟಿಯಿಂದ ಎಳೆದ ಗೆರೆಯನ್ನೇ ಹಿಡಿದು ಹೋದರೆ ಕ್ರಮಿಸಬೇಕಾದದ್ದು ಸುಮಾರು 17,800 ಕಿಲೋಮೀಟರು. ಕಾಗದವನ್ನು ನಂಬಿದವನು ಹೆಚ್ಚುಕಡಿಮೆ 3,800 ಕಿಲೋಮೀಟರನ್ನು, ಎಂದರೆ ಗಂಟೆಗೆ 900 ಕಿಲೋಮೀಟರು ಹಾರುವ ವಿಮಾನದಲ್ಲಿ ನಾಲ್ಕು ಗಂಟೆಗೂ ಮೀರಿದ ಹೊತ್ತನ್ನು, ವ್ಯರ್ಥವಾಗಿ ಕಳೆಯುತ್ತಾನೆ.

ಒಂದು ನಿಜವಾದ ಪ್ರಯಾಣ

ಡೆನ್ವರಿನ ಉದಾಹರಣೆ ಲೆಕ್ಕದ ಸುಲಭಕ್ಕಾಗಿ ತೆಗೆದುಕೊಂಡದ್ದು. ನಿಜವಾಗಿ ಹಾರಿದ ವಿಮಾನವೊಂದನ್ನು ಈಗ ನೋಡೋಣ. 2021 ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರುಗಳ ನಡುವೆ ಎಲ್ಲಿಯೂ ಇಳಿಯದ ವಿಮಾನವನ್ನು ಮೊದಲ ಬಾರಿಗೆ ಹಾರಿಸಿತು. ಅದನ್ನು ನಡೆಸಿದ ನಾಲ್ವರು ಚಾಲಕರೂ ಮಹಿಳೆಯರು: ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ ಮತ್ತು ಶಿವಾನಿ ಮನ್ಹಾಸ್. ಈ ಎರಡು ನಗರಗಳ ನಡುವಣ ನೇರ ದೂರವು 13,993 ಕಿಲೋಮೀಟರೆಂದು ಆಗ ಪ್ರಕಟವಾಯಿತು. ಗೋಳದ ತ್ರಿಕೋನಮಿತಿಯನ್ನು ಬಲ್ಲ ಕಾಲೇಜು ವಿದ್ಯಾರ್ಥಿಗಳು ಎರಡೂ ವಿಮಾನನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ಗುಣಿಸಿದರೆ ಇದಕ್ಕೆ ಹತ್ತು ಕಿಲೋಮೀಟರುಗಳಷ್ಟು ಸಮೀಪದ ಉತ್ತರವನ್ನೇ ಪಡೆಯುವರು.

ಆದರೆ ಆ ವಿಮಾನವು ಹಾರಿದ ಹಾದಿ ಸುಮಾರು 16,000 ಕಿಲೋಮೀಟರೆಂದು ಪತ್ರಿಕೆಗಳು ವರದಿ ಮಾಡಿದವು. ಹತ್ತಿರದ ಹಾದಿಯಿರುವಾಗ ಎರಡು ಸಾವಿರ ಕಿಲೋಮೀಟರು ಹೆಚ್ಚಿಗೆ ಹಾರಿದ್ದೇಕೆ? ಇಲ್ಲಿಂದ ಮುಂದೆ ಜ್ಯಾಮಿತಿ ಹಿಂದೆ ಸರಿದು ಭೌತವಿಜ್ಞಾನವು ಮುಂದೆ ಬರುತ್ತದೆ.

ಬೆಂಗಳೂರಿನಿಂದ ಹೊರಡುವ ಮಹಾವೃತ್ತವು ಉತ್ತರಕ್ಕಿಂತ ಸುಮಾರು 20 ಅಂಶ ಪೂರ್ವಕ್ಕೆ ವಾಲಿ, ನೇಪಾಳ, ಟಿಬೆಟ್ಟು, ಮಂಗೋಲಿಯ, ಸೈಬೀರಿಯಗಳನ್ನು ದಾಟಿ, 71 ಅಂಶಗಳವರೆಗೆ ಏರಿ, ಅಲಾಸ್ಕದ ಮೇಲಿನಿಂದ ಇಳಿದು ಸ್ಯಾನ್ ಫ್ರಾನ್ಸಿಸ್ಕೋ ಸೇರುತ್ತದೆ. ದಾರಿಯಲ್ಲಿ ಟಿಬೆಟ್ಟಿನ ಪ್ರಸ್ಥಭೂಮಿಯೇ ಮೊದಲ ತೊಡಕು. ಎತ್ತರದಲ್ಲಿ ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಹೋಗಿಬಿಟ್ಟರೆ, ಜನರು ಉಸಿರಾಡಬಲ್ಲ ಮೂರು ಕಿಲೋಮೀಟರಿನಷ್ಟು ಕೆಳಮಟ್ಟಕ್ಕೆ ಚಾಲಕನು ಬೇಗನೆ ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ, ಇಳಿಯುವುದೆಲ್ಲಿಗೆ? ಎರಡನೆಯ ತೊಡಕು ಕಣ್ಣಿಗೆ ಕಾಣದ್ದು. ಅದು ಗಾಳಿ.

ಗಾಳಿಯ ದೂರ

ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನನ್ನು ಕೇಳಿದರೆ ಈ ವಿಷಯ ಚೆನ್ನಾಗಿ ತಿಳಿಯುತ್ತದೆ. ಅವನ ತೋಳಿನ ಬಲವು ನೀರಿನ ಮೇಲೆ ಹರಿಗೋಲಿನ ವೇಗವನ್ನು ನಿರ್ಧರಿಸುತ್ತದೆ. ದಡಕ್ಕೆ ಸಂಬಂಧಿಸಿದ ವೇಗವನ್ನಲ್ಲ. ಹೊಳೆಯ ಸೆಳವಿನ ಜೊತೆಗೆ ಹೋದರೆ ಎರಡೂ ಕೂಡುತ್ತವೆ, ಎದುರಾಗಿ ಹೋದರೆ ಒಂದರಲ್ಲಿ ಇನ್ನೊಂದು ಕಳೆಯುತ್ತದೆ. ವಿಮಾನವು ಗಾಳಿಯೆಂಬ ಹೊಳೆಯಲ್ಲಿ ತೇಲುವ ಹರಿಗೋಲು.

ದೂರ 14,000 ಕಿಲೋಮೀಟರು, ವಿಮಾನದ ಸ್ವಂತ ವೇಗ ಗಂಟೆಗೆ 900 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಗಾಳಿ ನಿಶ್ಚಲವಾಗಿದ್ದರೆ ಹೋಗಲು 15 ಗಂಟೆ 33 ನಿಮಿಷ, ಬರಲು ಅಷ್ಟೇ. ಒಟ್ಟು ಸುಮಾರು 31 ಗಂಟೆ 7 ನಿಮಿಷ. ಈಗ ದಾರಿಯುದ್ದಕ್ಕೂ ಗಂಟೆಗೆ 100 ಕಿಲೋಮೀಟರಿನ ಗಾಳಿ ಬೀಸುತ್ತಿದೆಯೆನ್ನೋಣ. ಅದರ ಬೆನ್ನಿಗೆ ಹೋದರೆ 14 ಗಂಟೆ. ಅದಕ್ಕೆ ಎದುರಾದರೆ 17½ ಗಂಟೆ. ಒಟ್ಟು 31½ ಗಂಟೆ. ಹೋಗುವಾಗ ಗಾಳಿ ಕೊಟ್ಟದ್ದನ್ನು ಬರುವಾಗ ಹಿಂತೆಗೆದುಕೊಂಡು ಸರಿಮಾಡುತ್ತದೆಂದು ತೋರಿದರೂ, ಲೆಕ್ಕದಲ್ಲಿ 23 ನಿಮಿಷಗಳನ್ನು ಅದು ತನ್ನಲ್ಲೇ ಇಟ್ಟುಕೊಂಡಿತು. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುವುದರಿಂದ ಆಗುವ ನಷ್ಟ, ಬೆನ್ನುಗಾಳಿಯಲ್ಲಿ ಕಡಮೆ ಹೊತ್ತು ಇರುವಾಗ ಆಗುವ ಲಾಭಕ್ಕಿಂತ ಯಾವಾಗಲೂ ದೊಡ್ಡದು.

ಅಂಥ ಗಾಳಿ ನಿಜವಾಗಿಯೂ ಇದೆಯೆ? ಇದೆ. ಭೂಮಿಯ ನಡು ಅಕ್ಷಾಂಶಗಳಲ್ಲಿ, ನೆಲದಿಂದ ಒಂಬತ್ತು ಹನ್ನೆರಡು ಕಿಲೋಮೀಟರು ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ಗಾಳಿಯ ಹೊಳೆಗಳು ಹರಿಯುತ್ತವೆ. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದು ಸಾಮಾನ್ಯ. ಜಪಾನಿನ ಹವಾಮಾನಜ್ಞ ವಸಬುರೊ ಓಯಿಶಿ ಎಂಬವರು 1920 ರ ದಶಕದಲ್ಲಿಯೇ ಬುಗ್ಗೆಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಆದರೆ ಅವರು ತಮ್ಮ ವರದಿಯನ್ನು ಎಸ್ಪೆರಾಂತೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1944 ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಯುದ್ಧವಿಮಾನಗಳು ಈ ಗಾಳಿಗೆ ಸಿಕ್ಕಿದ ಮೇಲೆಯೇ ಅದರ ಬಲ ಎಲ್ಲರಿಗೂ ಮನದಟ್ಟಾಯಿತು. ನಮ್ಮ ನೆತ್ತಿಯ ಮೇಲೂ ಇದರ ಬಂಧುವೊಂದಿದೆ: ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು ಹದಿನೈದು ಕಿಲೋಮೀಟರು ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಪ್ರವಾಹ. ಭಾರತದ ಹವಾಮಾನವಿಜ್ಞಾನಿ ಪಿ. ಕೋಟೇಶ್ವರಂ ಅವರು 1958 ರಲ್ಲಿ ಇದನ್ನು ವಿವರಿಸಿದರು.

ಇಲ್ಲಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಯುಕ್ತ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಕುಪ್ಪೇಲೂರಿನ ನೆಲವೇ ಗಂಟೆಗೆ ಸುಮಾರು 1,600 ಕಿಲೋಮೀಟರು ವೇಗದಿಂದ ಸಾಗುತ್ತಿದೆ. ಹಾಗಾದರೆ ವಿಮಾನವು ಮೇಲೇರಿ ಸುಮ್ಮನೆ ನಿಂತರೆ ಸಾಲದೆ? ಊರುಗಳೇ ತಿರುಗಿ ಕಾಲಕೆಳಗೆ ಬರಬಾರದೆ? ಬರುವುದಿಲ್ಲ. ಓಡುವ ಬಸ್ಸಿನಲ್ಲಿ ಕುಳಿತು ಮೇಲಕ್ಕೆಸೆದ ನಾಣ್ಯ ಹಿಂದಿನ ಆಸನಕ್ಕೆ ಬೀಳದೆ ಎಸೆದವನ ಕೈಗೇ ಬೀಳುವಂತೆ, ನೆಲದಿಂದೇಳುವ ವಿಮಾನಕ್ಕೂ ಅದರ ಸುತ್ತಲ ಗಾಳಿಗೂ ಭೂಮಿಯ ವೇಗ ಮೊದಲೇ ಇರುತ್ತದೆ. ಆದರೆ ಭೂಮಿಯ ತಿರುಗಾಟವು ಬೇರೊಂದು ಬಗೆಯಲ್ಲಿ ತನ್ನ ಪ್ರಭಾವವನ್ನು ತೋರಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರ ಹೆಚ್ಚು ಉತ್ತರಕ್ಕಿರುವುದರಿಂದ ಅಲ್ಲಿಯ ನೆಲದ ವೇಗ ಗಂಟೆಗೆ 1,320 ಕಿಲೋಮೀಟರು ಮಾತ್ರ. ಉಷ್ಣವಲಯದಲ್ಲಿ ಕಾದು ಮೇಲೆದ್ದ ಗಾಳಿಯು ಉತ್ತರಕ್ಕೆ ಸರಿದಂತೆಲ್ಲ, ತಾನು ಹೊತ್ತು ತಂದ ಹೆಚ್ಚಿನ ವೇಗದಿಂದಾಗಿ ಅಲ್ಲಿಯ ನೆಲಕ್ಕಿಂತ ಮುಂದೆ ಓಡುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗೆ ಇದು ಮುಖ್ಯ ಕಾರಣ.

ಈಗ 2021 ರ ಒಗಟು ಬಿಡಿಸಿಕೊಳ್ಳುತ್ತದೆ. ಅಮೆರಿಕದಿಂದ ಪೆಸಿಫಿಕ್ ಸಾಗರದ ಮೇಲೆ ಪಶ್ಚಿಮಾಭಿಮುಖವಾಗಿ ಬರುವ ವಿಮಾನಕ್ಕೆ ಜನವರಿಯಲ್ಲಿ ಈ ಹೊಳೆ ಎದುರಾಗುತ್ತದೆ. ಅದನ್ನು ತಪ್ಪಿಸಲು ನೆಟ್ಟಗೆ ಉತ್ತರಕ್ಕೆ ಏರಿ, ಧ್ರುವವನ್ನು ದಾಟಿ, ಇನ್ನೊಂದು ಬದಿಯಿಂದ ಇಳಿದು ಬರುವುದು ಮೇಲು. ಧ್ರುವದ ಮೂಲಕ ಅಂಶಗಳನ್ನು ಕೂಡಿಸಿದರೆ ಸುಮಾರು 14,350 ಕಿಲೋಮೀಟರು. ಮಹಾವೃತ್ತಕ್ಕಿಂತ ಹೆಚ್ಚಾದದ್ದು 350 ಕಿಲೋಮೀಟರು ಮಾತ್ರ. ಉಳಿದ ಸುತ್ತು ಬೆಟ್ಟಗಳನ್ನೂ ಗಾಳಿಯನ್ನೂ ದೇಶಗಳ ಗಡಿಗಳನ್ನೂ ನೋಡಿಕೊಂಡು ಹಾದಿ ಆರಿಸಿದ್ದರಿಂದ ಬಂದದ್ದು. ಹೆಚ್ಚು ಕಿಲೋಮೀಟರು ಹಾರಿ ಕಡಮೆ ಹೊತ್ತು ಕಳೆಯುವುದು ಆಕಾಶದಲ್ಲಿ ಅಸಂಬದ್ಧವಲ್ಲ.

ಹೊರೆ ಮತ್ತು ಚಳಿ

ಇಷ್ಟು ದೂರ ಎಲ್ಲಿಯೂ ಇಳಿಯದೆ ಹಾರುವುದು ಹೊಸ ಸಾಧನೆ. 1932 ರ ಅಕ್ಟೋಬರ್ 15 ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆಯನ್ನು ಹಾರಿಸಿ ತಂದರು. ಅಲ್ಲಿಂದ ಅದನ್ನು ಮದರಾಸಿಗೆ ಒಯ್ದ ನೆವಿಲ್ ವಿನ್ಸೆಂಟ್ ಅವರು ನಡುವೆ ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಬೇಕಾಯಿತು. 1948 ರ ಜೂನ್ 8 ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಮೊದಲ ವಿಮಾನವೂ ಕೈರೊ ಮತ್ತು ಜಿನೀವಗಳಲ್ಲಿ ಇಳಿದೇ ಹೋಯಿತು. 2021 ರಲ್ಲಿ ಹಾರಿದ ಬೋಯಿಂಗ್ 777 ಜಾತಿಯ ವಿಮಾನವು ನೆಲದಿಂದೇಳುವಾಗ ಹೆಚ್ಚೆಂದರೆ 347 ಟನ್ನು ತೂಗಬಹುದು; ಅದರಲ್ಲಿ ಸುಮಾರು 145 ಟನ್ನು ಇಂಧನವೇ ಇರಬಹುದು. ದೂರದ ಸಂತೆಗೆ ಹೊರಟ ಚಕ್ಕಡಿಯಲ್ಲಿ ಎತ್ತುಗಳ ಮೇವನ್ನೂ ಹೇರಿದರೆ, ಆ ಮೇವನ್ನು ಎಳೆಯುವುದಕ್ಕೇ ಎತ್ತುಗಳು ಇನ್ನಷ್ಟು ಮೇವು ತಿನ್ನುತ್ತವೆ; ಇಲ್ಲಿಯೂ ಹಾಗೆಯೇ. ಬೆಂಗಳೂರಿನ ವಿಮಾನನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಮೇಲಿರುವುದರಿಂದ ಅಲ್ಲಿಯ ಗಾಳಿ ಎಂಟೊಂಬತ್ತು ಶೇಕಡದಷ್ಟು ತೆಳು. ಇಂಥ ಹೊರೆಯನ್ನು ತೆಳುಗಾಳಿಯಲ್ಲಿ ಮೇಲೆತ್ತುವುದು ಸಮುದ್ರತೀರದ ನಿಲ್ದಾಣದಲ್ಲಿ ಎತ್ತುವುದಕ್ಕಿಂತ ಕಷ್ಟ.

ಧ್ರುವದ ಹಾದಿಗೆ ತನ್ನದೇ ಆದ ಅಪಾಯಗಳೂ ಇವೆ. ಜನವರಿಯಲ್ಲಿ ಅಲ್ಲಿ ಸೂರ್ಯನೇ ಹುಟ್ಟುವುದಿಲ್ಲ. ಹೊರಗಿನ ಉಷ್ಣತೆ ಸೊನ್ನೆಗಿಂತ 60 ಅಂಶಕ್ಕೂ ಕೆಳಗಿಳಿಯಬಹುದು. ಅಮೆರಿಕದಲ್ಲಿ ತುಂಬಿಸುವ ಸಾಮಾನ್ಯ ಜೆಟ್ ಇಂಧನವು ಸೊನ್ನೆಗಿಂತ 40 ಅಂಶ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಆದಕಾರಣ ಚಾಲಕರು ರೆಕ್ಕೆಯಲ್ಲಿರುವ ಇಂಧನದ ಉಷ್ಣತೆಯನ್ನು ನೋಡುತ್ತಲೇ ಇರಬೇಕು. ಅದು ಇಳಿಯತೊಡಗಿದರೆ ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯಬೇಕು, ಇಲ್ಲವೆ ವೇಗ ಹೆಚ್ಚಿಸಬೇಕು. ಕಾಂತಸೂಚಿಯನ್ನು ಅಲ್ಲಿ ನೆಚ್ಚುವಂತಿಲ್ಲ. ಅಡಚಣೆಯಾದರೆ ಇಳಿಯಲು ನಿಲ್ದಾಣಗಳು ವಿರಳ.

ಮುಚ್ಚಿದ ಆಕಾಶ

ಪ್ರಕೃತಿ ಒಡ್ಡುವ ಈ ತೊಡಕುಗಳ ಮೇಲೆ ಮನುಷ್ಯನು ಒಡ್ಡುವ ತೊಡಕೂ ಒಂದಿದೆ. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಣ ಆಕಾಶದ ಹಕ್ಕಿದೆ. 2022 ರಲ್ಲಿ ಯುಕ್ರೇನಿನ ಯುದ್ಧ ತೊಡಗಿದ ಮೇಲೆ ರಷ್ಯವು ಯುರೋಪಿನ ಅನೇಕ ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಗಂಟೆಯ ಸುಮಾರಿನಲ್ಲಿ ಮುಟ್ಟುತ್ತಿದ್ದ ಫಿನ್‌ಲ್ಯಾಂಡಿನ ವಿಮಾನವು ಉತ್ತರಧ್ರುವವನ್ನು ಸುತ್ತಿಕೊಂಡು ಹದಿಮೂರು ಗಂಟೆ ಹಾರಬೇಕಾಯಿತು. 2025 ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಬಳಸಿ, ನಡುವೆ ಯುರೋಪಿನಲ್ಲಿಳಿದು ಇಂಧನ ತುಂಬಿಕೊಂಡು ಮುಂದುವರಿಯಬೇಕಾಯಿತು. ಭೂಮಿ ಒಂದಿಷ್ಟೂ ದೊಡ್ಡದಾಗಲಿಲ್ಲ, ವಿಮಾನವೂ ನಿಧಾನವಾಗಲಿಲ್ಲ. ಊರುಗಳು ಮಾತ್ರ ಒಂದೇ ರಾತ್ರಿಯಲ್ಲಿ ಹಲವು ಗಂಟೆಗಳಷ್ಟು ದೂರ ಸರಿದವು.

ಗಡಿಯಾರದ ಲೆಕ್ಕ

ಪ್ರಕಟವಾದ ವೇಳೆಯಂತೆ ಆ ಮೊದಲ ವಿಮಾನವು ಜನವರಿ 9 ರ ರಾತ್ರಿ 8-30 ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, 11 ರ ಬೆಳಗಿನ ಜಾವ 3-45 ಕ್ಕೆ ಬೆಂಗಳೂರು ಸೇರಬೇಕಾಗಿತ್ತು. ಎರಡು ಗಡಿಯಾರಗಳ ಅಂತರ 31 ಗಂಟೆ 15 ನಿಮಿಷ. ಹಾಗಾದರೆ ಜನವರಿ 10 ಪೂರ್ತಿ ಆಕಾಶದಲ್ಲೇ ಕಳೆಯಿತೆ? ಇಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ 13½ ಗಂಟೆ ಮುಂದೆ ಇರುತ್ತದೆ. ಅದನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ನಿಜವಾದ ಪ್ರಯಾಣಕಾಲ ಅಷ್ಟೇ. ಬೇಸಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಈ ಅಂತರ 12½ ಗಂಟೆಗೆ ಇಳಿಯುತ್ತದೆಂಬುದನ್ನು ಲೆಕ್ಕ ಮಾಡುವವರು ಮರೆಯಬಾರದು. ಇನ್ನು ಧ್ರುವದಲ್ಲಿ ರೇಖಾಂಶಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡುವುದರಿಂದ ಅಲ್ಲಿ ಗಂಟೆ ಎಷ್ಟೆಂಬ ಪ್ರಶ್ನೆಗೆ ಅರ್ಥವೇ ಇಲ್ಲ.

ಮನೆಯ ಬಾಗಿಲಿನವರೆಗೆ

ಈಗ ಮೊದಲಿನ ಪ್ರಶ್ನೆಗೆ ಉತ್ತರ ಕೊಡಬಹುದು. ನೇರವಾದ ವಿಮಾನ ಸಿಕ್ಕಿತೆಂದೇ ಭಾವಿಸೋಣ. ಹೊರಡುವ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಹಾರಾಟ 17 ಗಂಟೆ 45 ನಿಮಿಷ. ಇಳಿದ ಮೇಲೆ ರಹದಾರಿ, ಸಾಮಾನುಗಳಿಗೆ ಒಂದೂವರೆ ಗಂಟೆ. ಬೆಂಗಳೂರಿನಿಂದ ರಾಣೆಬೆನ್ನೂರಿನ ಕಡೆಗೆ ಹೆದ್ದಾರಿಯಲ್ಲಿ ಸುಮಾರು 300 ಕಿಲೋಮೀಟರು, ಅಲ್ಲಿಂದ ಹಳ್ಳಿಯ ರಸ್ತೆ. ಇದಕ್ಕೆ ಆರು ಗಂಟೆ. ಒಟ್ಟು 28 ಗಂಟೆಗಳಿಗೂ ಸ್ವಲ್ಪ ಹೆಚ್ಚು. ನಡುವೆ ಒಂದೆಡೆ ವಿಮಾನ ಬದಲಿಸಬೇಕಾದರೆ ಇನ್ನೂ ನಾಲ್ಕೈದು ಗಂಟೆಯಾದರೂ ಕೂಡಿಸಬೇಕು.

ಈ ಲೆಕ್ಕವನ್ನು ಒಮ್ಮೆ ನಿಂತು ನೋಡಬೇಕು. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಹದಿನೆಂಟು ಗಂಟೆ ಸಾಕಾಯಿತು. ಕೊನೆಯ ಮುನ್ನೂರು ಕಿಲೋಮೀಟರಿಗೆ ಆರು ಗಂಟೆ ಬೇಕಾಯಿತು. ವಿಮಾನದ ವೇಗವನ್ನು ಹತ್ತರಲ್ಲೊಂದು ಪಾಲು ಹೆಚ್ಚಿಸುವುದಕ್ಕೆ ಅಪಾರ ಇಂಧನವೂ ಹೊಸ ಯಂತ್ರವೂ ಬೇಕು. ಅದರಿಂದ ಉಳಿಯುವುದು ಒಂದೂವರೆ ಗಂಟೆಯ ಸುಮಾರು. ಅಷ್ಟೇ ಹೊತ್ತನ್ನು ಊರಿನ ಹತ್ತಿರ ಒಳ್ಳೆಯ ರಸ್ತೆಯೋ, ಹೊತ್ತಿಗೆ ಸರಿಯಾದ ರೈಲೋ, ಹುಬ್ಬಳ್ಳಿಗೆ ಹೊಂದಿಕೊಂಡ ವಿಮಾನವೋ ಉಳಿಸಿಕೊಡಬಲ್ಲದು. ಹಾಸಿಗೆ ಹಿಡಿದ ತಂದೆಯ ಬಳಿಗೆ ಧಾವಿಸುವ ಮಗನಿಗೆ ಈ ಒಂದೂವರೆ ಗಂಟೆಯೂ ಆ ಒಂದೂವರೆ ಗಂಟೆಯೂ ಒಂದೇ.

"ಬ್ಯಾಡಗಿ ಎಷ್ಟು ದೂರ?" ಎಂದರೆ ಹೊತ್ತನ್ನು ಹೇಳುವ ನಮ್ಮ ಹಿರಿಯರು, ಅಮೆರಿಕದ ಮಟ್ಟಿಗೂ ಸರಿಯಾದ ಉತ್ತರವನ್ನೇ ಹೇಳುತ್ತಿದ್ದರೆಂದು ಇದರಿಂದ ತಿಳಿಯುತ್ತದೆ. ಆ ಹೊತ್ತು ಎಲ್ಲಿಂದ ಬಂತೆಂದು ಬಿಡಿಸಿ ತೋರಿಸುವುದಷ್ಟೇ ವಿಜ್ಞಾನದ ಕೆಲಸ. ವಿದ್ಯಾರ್ಥಿಗಳು ಶಾಲೆಯ ಗೋಳವನ್ನು ಕೇಳಿ ಪಡೆದು, ಒಂದು ದಾರವನ್ನು ಹಿಡಿದು, ತಮ್ಮ ಊರಿಗೂ ತಮ್ಮವರು ಇರುವ ದೂರದ ನಗರಕ್ಕೂ ನಡುವೆ ಅದನ್ನು ಬಿಗಿದು ನೋಡಲಿ. ದಾರವು ಯಾವ ಯಾವ ನಾಡುಗಳ ಮೇಲೆ ಹಾಯುತ್ತದೆಂಬುದನ್ನು ಬರೆದುಕೊಂಡರೆ, ಭೂಗೋಳದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.